ಹಾಸ್ಟೆಲಿನಲ್ಲಿ ಫೋನ್ ಕಳವಾದರೆ: ಮೊದಲು ಯಾವುದು, ಆಮೇಲೆ ಯಾವುದು

ಕ್ಯಾಂಪಸ್ಸಿನಲ್ಲಿ ಫೋನ್ ಕಳಕೊಂಡವರು ಮಾಡುವ ಕೆಲಸಗಳೆಲ್ಲ ಹೆಚ್ಚುಕಡಿಮೆ ಸರಿಯಾದವೇ. ಎಡವಟ್ಟಾಗುವುದು ಸರದಿಯಲ್ಲಿ. ಮೊದಲು ಎರಡು ಗಂಟೆ ಹಾಸಿಗೆ ಕೊಡವಿ ಹುಡುಕುತ್ತಾರೆ. ಆಮೇಲೆ ಗಾಬರಿಗೆ ಬಿದ್ದು ಫೋನಿನೊಳಗಿನದ್ದನ್ನೆಲ್ಲ ದೂರದಿಂದಲೇ ಅಳಿಸಿಬಿಡುತ್ತಾರೆ. ಮಾರನೆಯ ದಿನ ಠಾಣೆಯಲ್ಲಿ ‘ಕಳೆದುಹೋಗಿದೆ’ ಎಂದು ಬರೆದುಕೊಡುತ್ತಾರೆ. ಸಂಜೆ ಹೊಸ ಸಿಮ್ ತಂದು, ಕಳವಾದ ಫೋನನ್ನು ಬ್ಲಾಕ್ ಮಾಡಿಸುವ ಸರ್ಕಾರಿ ಪೋರ್ಟಲ್ ಸಿಇಐಆರ್ ತೆರೆದರೆ ಒಟಿಪಿ ಬರುವುದಿಲ್ಲ. ಬ್ಯಾಂಕಿನ ನೆನಪಾಗುವುದು ಕೊನೆಗೆ, ದುಡ್ಡು ಹೋದ ಮೇಲೆ.

ಹದಿನೈದು ಸಾವಿರದ ಫೋನಿಗಿಂತ ಅದರೊಳಗಿನ ನಂಬರ್ ದುಬಾರಿ. ಒಟಿಪಿ ಬರುವುದು ಅದಕ್ಕೆ, ಯುಪಿಐ ಕಟ್ಟಿಕೊಂಡಿರುವುದು ಅದಕ್ಕೆ. ಕೆಳಗಿನ ಸರದಿಯನ್ನು ಈ ಲೆಕ್ಕ ಇಟ್ಟುಕೊಂಡೇ ಕಟ್ಟಿದೆ. ಉದಾಹರಣೆಗಳು ಕರ್ನಾಟಕದ ಕ್ಯಾಂಪಸ್ಸುಗಳವು. ಕಾನೂನಿನ ಕಲಮು ಮತ್ತು ಸಹಾಯವಾಣಿಗಳಲ್ಲಿ ಹೆಚ್ಚಿನವು ಇಡೀ ದೇಶಕ್ಕೆ ಒಂದೇ.

ಹಂತ 1: ಏನೂ ಆಗದೆ ಇರುವಾಗಲೇ ಅರ್ಧ ಗಂಟೆ

ಬೇಕಾದದ್ದು ಒಂದು ಹಾಳೆ, ಒಂದು ಪೆನ್ನು. ಹಾಳೆ ಎಂದರೆ ಕಾಗದದ ಹಾಳೆಯೇ. ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟರೆ ಅದೂ ಫೋನಿನ ಜೊತೆಗೇ ಹೋಗುತ್ತದೆ.

ಡಯಲ್ ಪ್ಯಾಡ್‌ನಲ್ಲಿ *#06# ಒತ್ತಿ. 15 ಅಂಕಿಗಳ ಐಎಂಇಐ ಸಂಖ್ಯೆ, ಅಂದರೆ ಫೋನಿನ ಗುರುತಿನ ಸಂಖ್ಯೆ, ಕಾಣುತ್ತದೆ. ಎರಡು ಸಿಮ್ ಹಾಕುವ ಫೋನಿನಲ್ಲಿ ಎರಡು ಇರುತ್ತವೆ, ಎರಡನ್ನೂ ಬರೆಯಿರಿ. ಲ್ಯಾಪ್‌ಟಾಪ್ ತಿರುಗಿಸಿ ಅಡಿಯಲ್ಲಿರುವ ಸೀರಿಯಲ್ ನಂಬರ್ ಬರೆಯಿರಿ. ಬ್ಯಾಂಕಿನ ತುರ್ತು ನಂಬರ್ ಬೇಕು, ಜೊತೆಗೆ ಮನೆಯವರದ್ದು ಮತ್ತು ಇಬ್ಬರು ಗೆಳೆಯರದ್ದು. ಅಮ್ಮನ ನಂಬರ್ ಬಾಯಿಪಾಠ ಇದೆ ಎಂದುಕೊಂಡವರು ಒಮ್ಮೆ ಹೇಳಿ ನೋಡಿ.

ಮುಂದಿನದ್ದು ಹೆಚ್ಚಿನವರು ಬಿಟ್ಟುಬಿಡುವ ಕೆಲಸ. ಗೆಳೆಯನ ಫೋನಿನಿಂದ ನಿಮ್ಮ ಗೂಗಲ್ ಖಾತೆಗೆ ಹೋದರೆ ಅದು ದೃಢೀಕರಣ ಕೇಳುವುದು ಕಳವಾದ ಫೋನಿಗೇ! ಗೂಗಲ್ ಖಾತೆಯ ಭದ್ರತೆ ವಿಭಾಗದಲ್ಲಿ ಬ್ಯಾಕಪ್ ಕೋಡ್ ಸಿಗುತ್ತವೆ, ಎಂಟೆಂಟು ಅಂಕಿಗಳ ಹತ್ತು ಕೋಡ್. ಅವನ್ನೂ ಹಾಳೆಗೆ ಇಳಿಸಿ. ಒಂದು ಕೋಡ್ ಒಂದೇ ಸಲ ಕೆಲಸ ಮಾಡುತ್ತದೆ. ಹಾಳೆಯ ಒಂದು ಪ್ರತಿ ಟ್ರಂಕಿನ ತಳದಲ್ಲಿರಲಿ, ಇನ್ನೊಂದು ಊರಲ್ಲಿರಲಿ. ಪರ್ಸಿನಲ್ಲಿ ಮಾತ್ರ ಬೇಡ. ಫೋನೂ ಪರ್ಸೂ ಒಟ್ಟಿಗೇ ಹೋಗುವುದು ಹೆಚ್ಚು.

ಈಗ ಫೋನಿನ ಸೆಟ್ಟಿಂಗ್ಸ್:

1. ಸಿಮ್ ಪಿನ್ ಹಾಕಿ. ಸ್ಕ್ರೀನ್ ಲಾಕ್ ಎಷ್ಟೇ ಗಟ್ಟಿ ಇರಲಿ, ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅಲ್ಲಿಗೆ ಬರುತ್ತದೆ. ಸಿಮ್ ಪಿನ್ ಇದ್ದರೆ ಬರುವುದಿಲ್ಲ. ಮೊದಲಿನ ಪಿನ್ ಯಾವುದೆಂದು ಕಂಪನಿಯನ್ನು ಕೇಳಿಕೊಂಡೇ ಶುರುಮಾಡಿ. ಅಂದಾಜಿನಲ್ಲಿ ಮೂರು ಸಲ ತಪ್ಪಿದರೆ ಸಿಮ್ ಬಂದ್ ಆಗಿ, ಅದನ್ನು ಬಿಚ್ಚುವ ಪಿಯುಕೆ ಸಂಖ್ಯೆ ಕೇಳುತ್ತದೆ.
2. ಲಾಕ್ ಆಗಿರುವ ಪರದೆಯ ಮೇಲೆ ಮೆಸೇಜಿನ ಒಳಗಿನ ಮಾತು ಕಾಣದಂತೆ ಮಾಡಿ. ಲಾಕ್ ತೆಗೆಯದೆಯೇ ಒಟಿಪಿ ಓದಲು ಸಿಕ್ಕರೆ ಲಾಕ್ ಇದ್ದೂ ವ್ಯರ್ಥ.
3. ಲಾಕ್ ಇದ್ದಾಗ ಏರೋಪ್ಲೇನ್ ಮೋಡ್ ಒತ್ತಲು ಆಗದಂತೆ ಮಾಡಿ. ಐಫೋನಿನಲ್ಲಿ ಇದು ಕಂಟ್ರೋಲ್ ಸೆಂಟರ್ ಅನುಮತಿಯ ಜಾಗದಲ್ಲಿದೆ. ಆಂಡ್ರಾಯ್ಡ್‌ನಲ್ಲಿ ಕಂಪನಿಗೊಂದು ಜಾಗ, ಕೆಲವು ಮಾದರಿಗಳಲ್ಲಿ ಇರುವುದೇ ಇಲ್ಲ.
4. ಆಂಡ್ರಾಯ್ಡ್ ಆದರೆ ‘ಥೆಫ್ಟ್ ಪ್ರೊಟೆಕ್ಷನ್’ ಒಳಗೆ ‘ರಿಮೋಟ್ ಲಾಕ್’ ಆನ್ ಮಾಡಿ. ಇದು ಇದ್ದರೆ ಯಾರದೇ ಫೋನಿನ ಬ್ರೌಸರಿನಲ್ಲಿ ನಿಮ್ಮ ನಂಬರ್ ಕೊಟ್ಟು, ಪಾಸ್‌ವರ್ಡ್ ಇಲ್ಲದೆಯೇ ಲಾಕ್ ಮಾಡಬಹುದು. ಮುಂಚೆಯೇ ಆನ್ ಮಾಡಿರದಿದ್ದರೆ ಆ ಹೊತ್ತಿಗೆ ಬರುವುದಿಲ್ಲ.
5. ಯುಪಿಐ ಪಿನ್ ಮತ್ತು ಸ್ಕ್ರೀನ್ ಲಾಕ್ ಎರಡೂ ಹುಟ್ಟಿದ ವರ್ಷವೇ ಆಗಿದ್ದರೆ ಈಗಲೇ ಬದಲಿಸಿ. ಸಣ್ಣ ಪಾವತಿಗಳ ಯುಪಿಐ ಲೈಟ್‌ಗೆ ಪಿನ್ನೇ ಬೇಡ ಎನ್ನುವುದು ನೆನಪಿರಲಿ. ಅದರಲ್ಲಿ ಇಡಬಹುದಾದದ್ದು ಹೆಚ್ಚೆಂದರೆ 5,000 ರೂಪಾಯಿ, ಕ್ಯಾಂಟೀನ್ ಖರ್ಚಿಗೆ 500 ಸಾಕು.

ಹಂತ 2: ಕೋಣೆ

ಹಾಸ್ಟೆಲ್ ಕಳವಿಗೆ ಬೀಗ ಒಡೆಯುವ ಅಗತ್ಯ ಬರುವುದು ಕಡಿಮೆ. ಬೆಳಗ್ಗೆ ಐದೂವರೆಯಿಂದ ಎಂಟರ ನಡುವೆ, ಒಬ್ಬ ಸ್ನಾನಕ್ಕೆ, ಇನ್ನೊಬ್ಬ ನಿದ್ದೆಯಲ್ಲಿ, ಬಾಗಿಲು ಅರೆ ತೆರೆದು, ಫೋನ್ ಚಾರ್ಜಿಗೆ. ಇಷ್ಟು ಸಾಕು. ಹೆಗಲಿಗೆ ಬ್ಯಾಗು ಹಾಕಿಕೊಂಡು ಕಾರಿಡಾರಿನಲ್ಲಿ ನಡೆದು ಬರುವವನನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಮೊದಲ ನಿಯಮ: ಸ್ನಾನಕ್ಕೆ ಹೋಗುವವನು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವುದು ಬೇಡ, ಒಳಗಿದ್ದವನನ್ನು ಎಬ್ಬಿಸಿ ಚಿಲಕ ಹಾಕಿಸುವುದು. ಬೈಗುಳ ತಿನ್ನಬೇಕಾಗುತ್ತದೆ, ತಿನ್ನಿ. ಒಳಗೆ ಆಳಿರುವಾಗ ಹೊರಗಿನಿಂದ ಬೀಗ ಜಡಿದರೆ ಬೆಂಕಿಯೋ ಶಾರ್ಟ್ ಸರ್ಕ್ಯೂಟೋ ಆದಾಗ ಅವನು ಸಿಕ್ಕಿಬೀಳುತ್ತಾನೆ.

ಹಾಸ್ಟೆಲ್ ಕೊಟ್ಟ ಬೀಗ ವಾಪಸ್ ಕೊಟ್ಟು ನಿಮ್ಮದೇ ತನ್ನಿ. ಹಳೆಯ ಬೀಗಕ್ಕೆ ಎಷ್ಟು ನಕಲಿ ಕೀಲಿಗಳಿವೆಯೋ ಲೆಕ್ಕ ಇಟ್ಟವರಿಲ್ಲ. ಕೊಂಡಿಯ ದಪ್ಪ 8 ಮಿಲಿಮೀಟರಿಗೆ ಕಡಿಮೆ ಬೇಡ. ಆದರೆ ಬೀಗಕ್ಕೆ 600 ರೂಪಾಯಿ ಕೊಟ್ಟು ಚಿಲಕವನ್ನು ನೋಡದೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಬಾಗಿಲು ಹಾಕಿ, ಬೀಗ ಜಡಿದು, ಹೊರಗೆ ನಿಂತು ನೋಡಿ. ಚಿಲಕದ ಸ್ಕ್ರೂಗಳ ತಲೆ ಕಾಣುತ್ತಿದೆಯೇ? ಕಂಡರೆ ಒಂದು ಸ್ಕ್ರೂಡ್ರೈವರ್ ಸಾಕು, ಬೀಗ ಹಾಗೇ ನೇತಾಡುತ್ತಿರುತ್ತದೆ. ಸ್ಕ್ರೂ ತೆಗೆಸಿ, ಬಾಗಿಲಿನ ಆಚೆಯವರೆಗೆ ತೂರುವ ಬೋಲ್ಟ್ ಹಾಕಿಸಿ ಒಳಗಡೆ ನಟ್ಟು ಬಿಗಿಸಲು ವಾರ್ಡನ್‌ಗೆ ಬರೆದುಕೊಡಿ. ಬಡಗಿಗೆ ಅರ್ಧ ಗಂಟೆಯ ಕೆಲಸ.

ಕೀಲಿ ಬಾಗಿಲ ಚೌಕಟ್ಟಿನ ಮೇಲೆ, ಶೂ ಒಳಗೆ, ಮೀಟರ್ ಬೋರ್ಡ್ ಹಿಂದೆ ಇಡಬೇಡಿ. ಇವು ನೀವು ಕಂಡುಹಿಡಿದ ಗುಪ್ತ ಜಾಗಗಳಲ್ಲ. ಮೂವರಿದ್ದರೆ ಮೂರು ಕೀಲಿ ಮಾಡಿಸಿ.

ನೆಲಮಹಡಿಯಲ್ಲಿ ಕಿಟಕಿಯ ಕಾಟ ಬೇರೆ. ಉದ್ದನೆಯ ಕೋಲಿನ ತುದಿಗೆ ಕೊಕ್ಕೆ ಕಟ್ಟಿ ಚಾರ್ಜರ್ ವೈರಿನ ಸಮೇತ ಫೋನ್ ಎಳೆದುಕೊಳ್ಳುತ್ತಾರೆ. ಕಿಟಕಿಯಿಂದ ಎರಡು ಮಾರು ದೂರ ಇರುವ ಪ್ಲಗ್ ಬಳಸಿ. ಕೋಣೆ ಚಿಕ್ಕದಾದರೆ ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಸಿ, ಒಂದು ಖರ್ಚಿಗೆ ಎರಡು ಉಪಕಾರ.

ಮುನ್ಸೂಚನೆಗಳೂ ಇವೆ. ಗೊತ್ತಿಲ್ಲದವನೊಬ್ಬ ಬಾಗಿಲು ತಳ್ಳಿ ನೋಡಿ, ಒಳಗೆ ಯಾರೋ ಇದ್ದರೆ ‘ಮಂಜು ಇದಾನಾ?’ ಎಂದು ಕೇಳಿ ಹೊರಡುತ್ತಾನೆ. ಅವನಿಗೆ ಮಂಜು ಬೇಕಿಲ್ಲ. ‘ಯಾವ ಡಿಪಾರ್ಟ್‌ಮೆಂಟ್ ಮಂಜು? ಬನ್ನಿ, ಆಫೀಸಿನಲ್ಲಿ ಕೇಳೋಣ’ ಎಂದು ಜೊತೆಗೆ ಹೊರಡಿ. ನಿಜವಾದ ನೆಂಟ ಬರುತ್ತಾನೆ, ಇನ್ನೊಬ್ಬ ಮೆಟ್ಟಿಲು ಇಳಿಯುತ್ತಾನೆ. ಹೊಡೆಯುವುದು, ಕೂಡಿಹಾಕುವುದು ಬೇಡ. ಕೇಸು ನಿಮ್ಮ ಮೇಲೆ ತಿರುಗುತ್ತದೆ.

ಹಂತ 3: ಪರೀಕ್ಷೆಯ ದಿನದ ಬ್ಯಾಗಿನ ರಾಶಿ

ವರ್ಷದಲ್ಲಿ ಎರಡು ಸಲ ಕಳ್ಳನಿಗೆ ಜಾತ್ರೆ. ಪರೀಕ್ಷೆಯ ಕೊಠಡಿಗೆ ಫೋನ್ ಒಯ್ಯುವಂತಿಲ್ಲ, ನಲವತ್ತು ಬ್ಯಾಗು ಹೊರಗಿನ ಗೋಡೆಯ ಪಕ್ಕ, ಒಡೆಯರೆಲ್ಲ ಮೂರು ಗಂಟೆ ಒಳಗೆ. ಯಾವ ಬ್ಯಾಗು ಯಾರದ್ದೆಂದು ಕೇಳುವವರಿಲ್ಲ.

ಹಾಸ್ಟೆಲಿನವರು ಆ ದಿನ ಫೋನ್ ಕೋಣೆಯಲ್ಲೇ ಬಿಡಿ. ಊರಿನಿಂದ ಬಸ್ಸಿನಲ್ಲಿ ಬರುವವರಿಗೆ ಅದು ಸಾಧ್ಯವಿಲ್ಲ. ಅಂಥವರು ತರಗತಿಯಿಂದ ಒಂದು ಅರ್ಜಿ ಕೊಟ್ಟು, ಬ್ಯಾಗಿಗೆ ಟೋಕನ್ ಕೊಡುವ ಒಬ್ಬ ಅಟೆಂಡರನ್ನು ಕೂರಿಸಲು ಪರೀಕ್ಷಾ ಮೇಲ್ವಿಚಾರಕರನ್ನು ಕೇಳಬೇಕು. ಅದೂ ಆಗದಿದ್ದರೆ ಫೋನನ್ನು ಸ್ವಿಚ್ ಆಫ್ ಮಾಡದೆ ಸೈಲೆಂಟ್‌ನಲ್ಲಿಟ್ಟು, ಬ್ಯಾಗಿನ ಹೊರ ಜಿಪ್ಪಿಗೆ ಹಾಕದೆ ಬಟ್ಟೆಯಲ್ಲಿ ಸುತ್ತಿ ತಳಕ್ಕೆ ಹಾಕಿ. ಆಫ್ ಆದ ಫೋನಿಗೆ ಲಾಕ್ ಆಜ್ಞೆ ತಲುಪುವುದಿಲ್ಲ. ಇದೇ ಮಾತು ಗ್ರಂಥಾಲಯದ ಹೊರಗಿನ ಬ್ಯಾಗ್ ಕಪಾಟಿಗೂ ಮೈದಾನದ ಗಡಿಗೆರೆಗೂ ಸಲ್ಲುತ್ತದೆ. ಲೈಬ್ರರಿಯಲ್ಲಿ ಲ್ಯಾಪ್‌ಟಾಪ್ ಬಿಟ್ಟು ಟೀಗೆ ಹೋಗುವ ಅಭ್ಯಾಸ ಇದ್ದರೆ ಕೇಬಲ್ ಲಾಕ್ ಕೊಳ್ಳಿ. ಅದಕ್ಕೆ ಬೇಕಾದ ಪುಟ್ಟ ಕಿಂಡಿ ನಿಮ್ಮ ಯಂತ್ರದಲ್ಲಿ ಇದೆಯೇ ಎಂದು ಮೊದಲು ನೋಡಿ, ತೆಳ್ಳನೆಯ ಹೊಸ ಮಾದರಿಗಳಲ್ಲಿ ಹಲವಕ್ಕೆ ಇರುವುದಿಲ್ಲ.

ಹಂತ 4: ಬೈಕು, ಸೈಕಲ್ಲು

ಬೈಕಿನ ಹ್ಯಾಂಡಲ್ ಲಾಕ್ ಕಾಲಲ್ಲಿ ಒದ್ದರೆ ಮುರಿಯುತ್ತದೆ, ಅದೊಂದನ್ನೇ ನಂಬಬೇಡಿ. ಮುಂದಿನ ಚಕ್ರಕ್ಕೆ ಡಿಸ್ಕ್ ಲಾಕ್ ಹಾಕಿ. ಡಿಸ್ಕ್ ಲಾಕ್ ಹಾಕಿದ್ದು ಮರೆತು ಹೊರಟು ಬೀಳುವವರೇ ಹೆಚ್ಚು, ಹ್ಯಾಂಡಲ್ಲಿಗೆ ಒಂದು ಬಣ್ಣದ ದಾರ ಕಟ್ಟಿಕೊಳ್ಳಿ. ಸೈಕಲ್ಲಾದರೆ ಚಕ್ರವನ್ನಷ್ಟೇ ಕಟ್ಟದೆ ಫ್ರೇಮ್ ಮತ್ತು ಹಿಂದಿನ ಚಕ್ರ ಎರಡನ್ನೂ ಸೇರಿಸಿ ನೆಟ್ಟ ಕಂಬಕ್ಕೆ ಬಿಗಿಯಿರಿ. ಪೆಡಲಿನ ಕೆಳಗೆ ಫ್ರೇಮಿಗೆ ಕೊರೆದ ಸಂಖ್ಯೆ ಇರುತ್ತದೆ, ಅದು ಆ ಹಾಳೆಗೆ ಸೇರಲಿ.

ಬೈಕ್ ವಿಮೆಯ ಹಣಕ್ಕೆ ಎರಡೂ ಮೂಲ ಕೀಲಿ ಕೇಳುತ್ತಾರೆ. ಎರಡನೆಯದನ್ನು ಊರಲ್ಲಿ ಭದ್ರವಾಗಿಡಿ, ಸೀಟಿನ ಕೆಳಗಲ್ಲ.

ಹಂತ 5: ಕತ್ತಲಾದ ಮೇಲೆ

ಜ್ಞಾನಭಾರತಿ, ಮಾನಸಗಂಗೋತ್ರಿ, ಕೊಣಾಜೆಯ ಮಂಗಳಗಂಗೋತ್ರಿ, ಶಂಕರಘಟ್ಟದಂಥ ಕ್ಯಾಂಪಸ್ಸುಗಳಲ್ಲಿ ವಿಭಾಗದಿಂದ ಹಾಸ್ಟೆಲಿಗೆ ಮರಗಳ ನಡುವೆ ದೂರ ನಡೆಯಬೇಕು. ಜ್ಞಾನಭಾರತಿಯೊಳಗೆ ಸಾರ್ವಜನಿಕರ ವಾಹನಗಳೂ ಓಡಾಡುತ್ತವೆ.

ಬೈಕಿನಲ್ಲಿ ಬಂದು ಕಿತ್ತುಕೊಳ್ಳುವವರಿಗೆ ಬೇಕಾದದ್ದು ರಸ್ತೆಯ ಕಡೆಯ ಕೈಯಲ್ಲಿ ಹಿಡಿದ ಫೋನ್. ಎದುರಿನಿಂದ ವಾಹನ ಬರುವ ಬದಿಯಲ್ಲಿ ನಡೆಯಿರಿ, ಆಗ ಹಿಂದಿನಿಂದ ಯಾರೂ ಉಜ್ಜಿಕೊಂಡು ಬರಲಾರರು. ಫೋನ್ ಮಾತು ಬೇಕೇಬೇಕಾದರೆ ದೀಪದ ಕಂಬದ ಕೆಳಗೆ ನಿಂತು, ಬೆನ್ನು ಗೋಡೆಗೆ ಕೊಟ್ಟು ಮುಗಿಸಿ ಹೊರಡಿ. ಎರಡೂ ಕಿವಿಗೆ ಇಯರ್‌ಫೋನ್ ಬೇಡ. ಅದೇ ಬೈಕು ಎರಡನೇ ಸಲ ನಿಧಾನವಾಗಿ ಹಾದರೆ ನಡೆಯುವುದು ನಿಲ್ಲಿಸಿ ಹತ್ತಿರದ ಗೇಟು, ಕ್ಯಾಂಟೀನು, ಹಾಸ್ಟೆಲ್ ಯಾವುದಾದರೂ ಒಳಗೆ ಹೋಗಿ. ಕಿತ್ತುಕೊಂಡರೆ ಬಿಟ್ಟುಬಿಡಿ. ಸರ, ಬ್ಯಾಗಿನ ಪಟ್ಟಿ ಹಿಡಿದು ಜಗ್ಗಿದವರು ಡಾಂಬರಿನ ಮೇಲೆ ಎಳೆದುಕೊಂಡು ಹೋಗಿ ಗಾಯಗೊಳ್ಳುತ್ತಾರೆ.

ತುರ್ತಿಗೆ 112. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ ಐದು ಸಲ ಒತ್ತಿದರೆ ತುರ್ತು ಕರೆ ಹೋಗುವಂತೆ ಇಟ್ಟುಕೊಳ್ಳಬಹುದು. ಕರೆ ಮಾಡಿದಾಗ ‘ಯೂನಿವರ್ಸಿಟಿ ಕ್ಯಾಂಪಸ್’ ಎಂದಷ್ಟೇ ಹೇಳಬೇಡಿ. ಹತ್ತಿರದ ವಿಭಾಗ, ಯಾವ ಗೇಟಿನಿಂದ ಬರಬೇಕು, ಇಷ್ಟು ಹೇಳಿ. ನೂರಾರು ಎಕರೆಯಲ್ಲಿ ಪೊಲೀಸ್ ವಾಹನ ದಾರಿ ತಪ್ಪುವುದು ಗೇಟಿನಲ್ಲೇ.

ಒಬ್ಬನೇ ವ್ಯಕ್ತಿ ದಿನವೂ ಹಿಂಬಾಲಿಸುತ್ತಿದ್ದರೆ ಅದು ಪುಂಡಾಟಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಕಾಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಅಪರಾಧ. ದಿನಾಂಕ, ಹೊತ್ತು, ಜಾಗ ಬರೆದಿಡಿ. ಕಿರುಕುಳ ಕೊಡುವವರು ಕ್ಯಾಂಪಸ್ಸಿನವರೇ ಆದರೆ ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಮಿತಿಗೆ ಕೊಟ್ಟರೂ ಪೊಲೀಸರಿಗೆ ಕೊಡುವ ಹಕ್ಕು ಹಾಗೇ ಇರುತ್ತದೆ.

ಹಂತ 6: ಕಳವು ಗೊತ್ತಾದ ಮೊದಲ ಗಂಟೆ

ಇಲ್ಲಿ ಸರದಿ ಬದಲಿಸಬೇಡಿ.

1. ಎರಡು ಸಲ ಕರೆ, ಹತ್ತು ನಿಮಿಷ ಹುಡುಕಾಟ. ರಿಂಗಾದರೆ ಎಲ್ಲೋ ಬಿದ್ದಿರಬಹುದು. ಚಾರ್ಜ್ ಇದ್ದ ಫೋನ್ ಸ್ವಿಚ್ ಆಫ್ ಬಂದರೆ ಕಳವೆಂದೇ ತಿಳಿದು ಮುಂದಿನದಕ್ಕೆ ಹೋಗಿ.

2. ಲಾಕ್ ಮಾಡಿ, ಅಳಿಸಬೇಡಿ. ಗೆಳೆಯನ ಫೋನಿನಿಂದ ಗೂಗಲ್‌ನ ಫೈಂಡ್ ಹಬ್ ಅಥವಾ ಆಪಲ್‌ನ ಫೈಂಡ್ ಮೈ ತೆರೆದು ಲಾಕ್ ಒತ್ತಿ. ಆಂಡ್ರಾಯ್ಡ್‌ನಲ್ಲಿ ಎಲ್ಲ ಅಳಿಸಿಬಿಟ್ಟರೆ ಆಮೇಲೆ ಅದು ಎಲ್ಲಿದೆ ಎಂದು ನೋಡಲಾಗುವುದಿಲ್ಲ. ಐಫೋನನ್ನು ಖಾತೆಯಿಂದ ತೆಗೆದುಹಾಕಲೇಬೇಡಿ. ತೆಗೆದ ಕ್ಷಣ, ನಿಮ್ಮ ಪಾಸ್‌ವರ್ಡ್ ಇಲ್ಲದೆ ಫೋನ್ ಬಳಸಲು ಬಿಡದ ಆಕ್ಟಿವೇಶನ್ ಲಾಕ್ ಹೋಗಿ ಕಳ್ಳನಿಗೆ ಮಾರಲು ಹೊಸ ಫೋನೇ ಸಿಕ್ಕಂತೆ. ಇದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

3. ಸಿಮ್ ಬಂದ್ ಮಾಡಿಸಿ. ಲಾಕ್ ಆದ ಮೇಲೆಯೇ ಇದು. ಸಿಮ್ ಮೊದಲು ಬಂದ್ ಆದರೆ ಫೋನಿನ ಡೇಟಾ ಕಟ್ಟಾಗಿ ಲಾಕ್ ಆಜ್ಞೆ ತಲುಪುವ ದಾರಿಯೇ ಇರುವುದಿಲ್ಲ. ಅದೇ ಕಂಪನಿಯ ಸಿಮ್ ಇರುವ ಯಾರದಾದರೂ ಫೋನಿನಿಂದ ಕಂಪನಿಯ ದೂರಿನ ನಂಬರ್ 198ಕ್ಕೆ ಕರೆ ಮಾಡಿ. ಹುಟ್ಟಿದ ದಿನ, ಕೊನೆಯ ರೀಚಾರ್ಜ್ ಮೊತ್ತ ಕೇಳಬಹುದು. ಸಿಮ್ ಅಪ್ಪನ ಹೆಸರಿನಲ್ಲಿದ್ದರೆ ಅವರ ವಿವರ ಬೇಕು, ಆ ಕರೆಗೆ ಅವರನ್ನೂ ಸೇರಿಸಿಕೊಳ್ಳಿ.

4. ಬ್ಯಾಂಕ್. ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ಮೂರನ್ನೂ ಹೆಸರಿಟ್ಟು ಬಂದ್ ಮಾಡಿಸಿ. ‘ಫೋನ್ ಹೋಗಿದೆ’ ಎಂದರೆ ಬರೀ ಕಾರ್ಡ್ ಬಂದ್ ಮಾಡಿ ಕರೆ ಇಡುವುದುಂಟು. ದೂರಿನ ಸಂಖ್ಯೆ, ಹೊತ್ತು ಬರೆದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ನೀವು ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು, ಹೊತ್ತು ಮುಖ್ಯವಾಗುವುದು ಅದಕ್ಕೇ. ದುಡ್ಡು ಆಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ. ಹಣ ಖಾತೆಯಿಂದ ಖಾತೆಗೆ ಹಾರುತ್ತಿರುವಾಗಲೇ ತಡೆಯಬೇಕು, ನಗದಾಗಿ ಹೊರಬಿದ್ದರೆ ಮುಗಿಯಿತು.

5. ತರಗತಿಯ ಗುಂಪಿಗೆ ಒಂದು ಸಾಲು. ‘ನನ್ನ ನಂಬರಿನಿಂದ ದುಡ್ಡು ಕೇಳಿದರೆ ಕಳಿಸಬೇಡಿ.’ ಮನೆಗೂ ಇದೇ.

6. ಸೆಕ್ಯುರಿಟಿ ಕಚೇರಿಗೆ ಲಿಖಿತ ಮನವಿ. ಸಿಸಿಟಿವಿ ದೃಶ್ಯ ಕೆಲವು ದಿನಕ್ಕೆ ತಾನೇ ಅಳಿಸಿ ಹೊಸದು ಬರೆಯುತ್ತದೆ. ‘ನೋಡ್ತೀವಿ ಬಿಡಿ’ ಎಂಬ ಮಾತಿಗೆ ಒಪ್ಪದೆ, ಯಾವ ಕ್ಯಾಮೆರಾ, ಎಷ್ಟರಿಂದ ಎಷ್ಟರವರೆಗೆ ಎಂದು ಬರೆದು, ಪೊಲೀಸರು ಕೇಳುವವರೆಗೆ ಉಳಿಸಿಡಿ ಎಂದು ಕೇಳಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಮ್ಯಾಪಿನಲ್ಲಿ ಚುಕ್ಕೆ ಕಂಡಿತೆಂದು ನಾಲ್ಕು ಜನ ಬೈಕ್ ಹತ್ತಬೇಡಿ. ಆ ಚುಕ್ಕೆ ಮನೆ ತೋರಿಸುವುದಿಲ್ಲ, ಬೀದಿ ತೋರಿಸುತ್ತದೆ. ಪರದೆಯ ಚಿತ್ರ ತೆಗೆದು ಹೊತ್ತಿನ ಸಮೇತ ಪೊಲೀಸರಿಗೆ ಕೊಡಿ.

ಹಂತ 7: ಠಾಣೆಯಲ್ಲಿ ಒಂದು ಪದ

ಕನ್ನಡದಲ್ಲಿ ‘ಕಳೆದುಹೋಗಿದೆ’ ಮತ್ತು ‘ಕಳವಾಗಿದೆ’ ನಡುವೆ ಎರಡು ಮೂರು ಅಕ್ಷರದ ಅಂತರ, ಠಾಣೆಯಲ್ಲಿ ಅದು ಬೇರೆಯೇ ಕಡತ. ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೇವೆ ಕಳೆದುಹೋದ ವಸ್ತುಗಳಿಗೆ. ಅಲ್ಲಿ ಸಿಗುವುದು ಸ್ವೀಕೃತಿ, ಎಫ್‌ಐಆರ್ ಅಲ್ಲ. ಬಸ್ಸಿನಲ್ಲಿ ಎಲ್ಲಿ ಬಿತ್ತೋ ಗೊತ್ತಿಲ್ಲವೆಂದರೆ ಅದು ಸರಿ. ಬೀಗ ಮುರಿದು ಒಯ್ದದ್ದನ್ನು ‘ಕಳೆದುಹೋಗಿದೆ’ ಎಂದು ಬರೆದುಕೊಟ್ಟರೆ ಕಳವಿನ ತನಿಖೆ ಶುರುವಾಗುವುದೇ ಇಲ್ಲ.

ದೂರಿನಲ್ಲಿ ಬೇಕಾದದ್ದು: ಕೊನೆಯದಾಗಿ ನೋಡಿದ ಹೊತ್ತು, ಇಲ್ಲವೆಂದು ಗೊತ್ತಾದ ಹೊತ್ತು, ಜಾಗ, ಮಾದರಿ, ಬಣ್ಣ, ಎರಡೂ ಐಎಂಇಐ, ಬಿಲ್ಲಿನ ಬೆಲೆ, ಅನುಮಾನವಿದ್ದರೆ ಅದಕ್ಕೆ ಕಾರಣ. ಗಾಳಿಮಾತಿಗೆ ಯಾರ ಹೆಸರನ್ನೂ ಬರೆಯಬೇಡಿ. ಬಿಲ್ಲು ಒಯ್ಯಿರಿ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವು ಈಗ ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಳೆಯ ಫೋನೆಂದು ನೀವೇ ‘ನಾಲ್ಕು ಸಾವಿರ ಇರಬಹುದು’ ಎಂದುಬಿಟ್ಟರೆ ಅಲ್ಲಿಗೆ ನಿಂತಿತು. ವಾಸದ ಕಟ್ಟಡದೊಳಗಿನ ಕಳವಿಗೆ ನ್ಯಾಯ ಸಂಹಿತೆಯ 305ನೇ ಕಲಮು ಬೇರೆ ಇದೆ, ಶಿಕ್ಷೆ ಏಳು ವರ್ಷದವರೆಗೆ. ಹಾಸ್ಟೆಲ್ ಕೋಣೆಯಿಂದ ಹೋಗಿದ್ದರೆ ‘ನಾನು ವಾಸವಿರುವ ಕೋಣೆಯಿಂದ’ ಎಂದು ಸ್ಪಷ್ಟವಾಗಿ ಬರೆಯಿರಿ. ಕಿತ್ತುಕೊಂಡು ಹೋದದ್ದು 304.

‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳಿ. ಜಾಗ ಎಲ್ಲಿಯದೇ ಆಗಲಿ, ಸಂಜ್ಞೇಯ ಅಪರಾಧದ (ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆಯೇ ತನಿಖೆ ಮಾಡಬಹುದಾದದ್ದು) ದೂರು ತೆಗೆದುಕೊಳ್ಳಬೇಕು, ಎಫ್‌ಐಆರ್ ಪ್ರತಿ ಉಚಿತ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ, ಕಮಿಷನರೇಟ್ ಇರುವ ಊರಲ್ಲಿ ಡಿಸಿಪಿಗೆ ಕಳಿಸಿ. ‘ಕಾಲೇಜಿನ ಹೆಸರು ಕೆಡುತ್ತದೆ, ಒಳಗೇ ವಿಚಾರಿಸೋಣ’ ಎಂಬ ಮಾತು ಸಾಮಾನ್ಯವಾಗಿ ಬರುವುದು ಠಾಣೆಯಿಂದಲ್ಲ, ಹಾಸ್ಟೆಲ್ ಕಚೇರಿಯಿಂದ. ಒಳಗಿನ ವಿಚಾರಣೆ ನಡೆಯಲಿ, ಅದರಿಂದ ಎಫ್‌ಐಆರ್ ಹುಟ್ಟುವುದಿಲ್ಲ.

ಹಂತ 8: ಹೊಸ ಸಿಮ್, ಆಮೇಲೆ ಸಿಇಐಆರ್

ಇಲ್ಲೇ ಹೆಚ್ಚಿನವರು ಕೈಚೆಲ್ಲುವುದು. ಫೋನನ್ನು ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದಂತೆ ಮಾಡುವುದು ದೂರಸಂಪರ್ಕ ಇಲಾಖೆಯ ಸಿಇಐಆರ್. 2023ರ ಮೇಯಿಂದ ಸಂಚಾರ್ ಸಾಥಿ ಪೋರ್ಟಲಿನ ಮೂಲಕ ಇಡೀ ದೇಶಕ್ಕೆ ಸಿಗುತ್ತಿದೆ. ಪೋರ್ಟಲ್ ಒಟಿಪಿ ಕಳಿಸುವುದು ಸಿಮ್ಮಿಗೆ, ಆದರೆ ಬದಲಿ ಸಿಮ್ ಶುರುವಾದ 24 ಗಂಟೆ ಅದರಲ್ಲಿ ಎಸ್‌ಎಂಎಸ್ ಬರುವುದಿಲ್ಲ. ಸಿಮ್ ಕದ್ದು ಮೋಸ ಮಾಡುವುದನ್ನು ತಡೆಯಲು ಇಟ್ಟ ನಿಯಮ ಅದು, ಪೋರ್ಟಲ್ ಕೆಟ್ಟಿದೆ ಎಂದಲ್ಲ. ಆದ್ದರಿಂದ ಸಿಮ್ ಅದೇ ದಿನ ತನ್ನಿ, ಸಿಇಐಆರ್ ಅರ್ಜಿ ಮಾರನೆಯ ದಿನ ಅದೇ ಹೊತ್ತಿಗೆ. ಅಷ್ಟರಲ್ಲಿ ದೂರಿನ ಪ್ರತಿ, ಬಿಲ್ಲು, ಗುರುತಿನ ಚೀಟಿಯ ಸ್ಕ್ಯಾನ್ ಸಿದ್ಧ ಮಾಡಿ.

ಎರಡೂ ಐಎಂಇಐ ತುಂಬಿ. ಒಂದು ಬಿಟ್ಟರೆ ಆ ಸ್ಲಾಟಿನಲ್ಲಿ ಸಿಮ್ ಹಾಕಿ ಬಳಸುತ್ತಾರೆ. ಕೊನೆಗೆ ಬರುವ ರಿಕ್ವೆಸ್ಟ್ ಐಡಿ ಆ ಹಾಳೆಗೇ ಹೋಗಲಿ. ಫೋನ್ ಸಿಕ್ಕ ಮೇಲೆ ಬ್ಲಾಕ್ ತೆಗೆಸಲು ಅದು ಬೇಕೇಬೇಕು. ‘ಬ್ಲಾಕ್ ಮಾಡಿದರೆ ಪೊಲೀಸರಿಗೆ ಪತ್ತೆ ಸಿಗಲ್ಲ’ ಎಂಬ ಮಾತು ಹಾಸ್ಟೆಲ್‌ಗಳಲ್ಲಿ ಓಡಾಡುತ್ತಿರುತ್ತದೆ, ಅದು ತಪ್ಪು. ಬ್ಲಾಕ್ ಆದ ಫೋನಿಗೆ ಯಾರೋ ಸಿಮ್ ಹಾಕಿದರೆ ಆ ವಿವರ ಪೊಲೀಸರಿಗೆ ಹೋಗುತ್ತದೆ.

ಹಂತ 9: ವಾರದ ನಂತರ ಬರುವ ಮೆಸೇಜ್

‘ನಿಮ್ಮ ಐಫೋನ್ ಪತ್ತೆಯಾಗಿದೆ, ಜಾಗ ನೋಡಲು ಒತ್ತಿ’ ಎಂದು ಹೊಸ ಸಿಮ್ಮಿಗೆ ಲಿಂಕ್ ಬರಬಹುದು. ತೆರೆದರೆ ಆಪಲ್ ಪುಟದಂತೆಯೇ ಕಾಣುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಲಾಕ್ ಬಿಚ್ಚಲಾಗದೆ ಕಳ್ಳನ ಕಡೆಯವರು ಹಾಕುವ ಗಾಳ ಇದು. ‘ಠಾಣೆಯಿಂದ ಮಾತಾಡ್ತಿದೀವಿ, ಫೋನ್ ಬಿಡಿಸಲು ಎರಡು ಸಾವಿರ ಕಳಿಸಿ’ ಎಂಬ ಕರೆಯೂ ಅದೇ ಜಾತಿ. ಲಿಂಕ್ ಒತ್ತದೆ, ದುಡ್ಡು ಕಳಿಸದೆ, ದೂರು ಕೊಟ್ಟ ಠಾಣೆಗೇ ಹೋಗಿ ಕೇಳಿ.

ಬೈಕ್ ಆದರೆ ವಿಮಾ ಕಂಪನಿಗೆ ಎಫ್‌ಐಆರ್ ದಿನವೇ ತಿಳಿಸಿ, ತಡವಾದರೆ ಅದನ್ನೇ ನೆಪ ಮಾಡುತ್ತಾರೆ. ಪತ್ತೆಯಾಗದೆ ಹೋದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ‘ಸಿ’ ರಿಪೋರ್ಟಿನ ಪ್ರತಿ ವಿಮೆಗೆ ಬೇಕು. ಅದು ತಾನಾಗಿ ನಿಮ್ಮ ಕೈಗೆ ಬರುವುದಿಲ್ಲ, ಕೇಳಿ ಪಡೆಯಬೇಕು.

ಬದಲಿ ಫೋನನ್ನು ಹಾಸ್ಟೆಲಿನ ಯಾರಿಂದಲೋ ಅಗ್ಗಕ್ಕೆ ಕೊಳ್ಳುವ ಮುಂಚೆ *#06# ಒತ್ತಿಸಿ, ಬಿಲ್ಲಿನ ಸಂಖ್ಯೆಗೆ ತಾಳೆ ನೋಡಿ, ಕೆವೈಎಂ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಬ್ಲಾಕ್ ಆದದ್ದಾದರೆ ಉತ್ತರದಲ್ಲೇ ಗೊತ್ತಾಗುತ್ತದೆ. ಬಿಲ್ಲು ಕೇಳಿದ ಕೂಡಲೇ ಬೆಲೆ ಇಳಿಸುವವನಿಂದ ಕೊಳ್ಳಬೇಡಿ.